ಕೊಟ್ರ ಕೆರೆಭೂತ ಆದದ್ದು

"ದಿಂಬಿನ ಕವರು ಹೊಲಿಯೋ ಹೆಂಗಸು ಭೂತ ಹೊಲಿತಾಳಾ? ಆಗೋ ಮಾತಲ್ಲ ಬಿಡಿ," ಅಂದವನು ಸಿನಿಮಾ ಕಂಪನಿಯ ಮ್ಯಾನೇಜರ್ ತಿಪ್ಪೇಸ್ವಾಮಿ. ನನ್ನೆದುರಿಗೇ ಅಂದ. ಮದ್ರಾಸಿನಿಂದಲೇ ಭೂತದ ವೇಷ ತರಿಸಬೇಕು ಅನ್ನುವುದು ಅವನ ಹಟ. ಡೈರೆಕ್ಟರ್ ಪಾಲಾಕ್ಷಪ್ಪನ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ನಾನು ಹೇಳಿದೆ: "ಹೊಲಿತೀನಿ. ಚೆನ್ನಾಗಿ ಬಂದರೆ ನಿಮ್ಮ ಮುಂದಿನ ಮೂರು ಸಿನಿಮಾದ ಭೂತಗಳೂ ನನ್ನವೇ. ಕೆಟ್ಟರೆ ದಿಂಬು ಇದ್ದೇ ಇದೆ."

ಒಂದೂರಲ್ಲಿ ಒಬ್ಬ ಪೆದ್ದ, ಅವನಿಗೊಬ್ಬಳು ತಾಯಿ, ಅಂತ ಕತೆ ಹೇಳುವವರಿಗೆ ಸುಲಭ. ನನಗೆ ಸುಲಭವಲ್ಲ. ಆ ಊರು ದಾವಣಗೆರೆ, ಆ ತಾಯಿ ಟೈಲರ್ ನೀಲವ್ವ ಅನ್ನುವ ನಾನು, ಪೆದ್ದ ನನ್ನ ಮಗ ಕೊಟ್ರ. ಆರಡಿ ಎತ್ತರ, ಇಪ್ಪತ್ತೆರಡು ವಯಸ್ಸು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ಅವನ ರೋಗ. ಹಾಲು ಉಕ್ಕಿದರೆ ಕೂಗು ಅಂದಿದ್ದೆ. ಉಕ್ಕಿ, ಹರಿದು, ಒಲೆ ಆರಿದ ಮೇಲೆ ಕೂಗಿದ.

ಹತ್ತಿಯಿಂದ ಬೀಜ ಬಿಡಿಸುವ ಹಳೇ ಜಿನ್ನಿನ ಶೆಡ್ಡಿನಲ್ಲಿ ಕೂತು ಹನ್ನೊಂದು ದಿನ ಹೊಲಿದೆ. ಮೈಗೆ ಅಕ್ಕಿಯ ಗೋಣಿಚೀಲ, ಒಳಗೆ ಜಿನ್ನಿನ ಹತ್ತಿ, ಮೇಲೆ ಸೈಕಲ್ ಟ್ಯೂಬು ಕತ್ತರಿಸಿ ಮೀನಿನ ಚಿಪ್ಪು, ಹಿಂದೆ ಮಾರುದ್ದದ ಬಾಲ. ನೆನೆಸಿದ ಕಾಗದಕ್ಕೆ ಮೆಂತ್ಯ ಸೇರಿಸಿ ರುಬ್ಬಿ, ದೊಡ್ಡ ಮಡಕೆಯ ಮೇಲೆ ಮೆತ್ತಿ ಒಣಗಿಸಿ ತಲೆ ಮಾಡಿದೆ. ಕಣ್ಣಿಗೆ ಟಾರ್ಚಿನ ಬಲ್ಬು. ಮೈಮೇಲೆ ಲೋಳೆ ಬೇಕು ಅಂದರು, ಒಂದು ಬಕೆಟ್ ಬೆಂಡೆಕಾಯಿ ನೆನೆಹಾಕಿದೆ. ಅಳತೆ ತೆಗೆಯುವಾಗ ಅಲ್ಲಾಡದೆ ನಿಂತವನು ಕೊಟ್ರ ಒಬ್ಬನೇ. ಹಾಗಾಗಿ ವೇಷ ಅವನೊಬ್ಬನಿಗೇ ಹೊಂದಿತು. ಭೂತವೂ ಅವನೇ ಆದ.

ಮೊದಲ ದಿನ ಕೆರೆಯಲ್ಲಿ ಶೂಟಿಂಗು. ಹೀರೋಯಿನ್ ವನಜಾಕ್ಷಿ ಕೊಡ ಹಿಡಿದು ಬರುತ್ತಾಳೆ, ಭೂತ ನೀರಿನಿಂದ ಏಳುತ್ತದೆ, ಅವಳು ಕಿರುಚುತ್ತಾಳೆ. ಅಷ್ಟೇ. ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಮಾತಾಡಿಸು ಅಂತ ನಾನು ಹೇಳಿ ಕಳಿಸಿದ್ದೆ. ಕೊಟ್ರ ಎದ್ದ. ಅವಳು ಕಿರುಚಿದಳು. ಕೊಟ್ರ ಭೂತದ ತಲೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಹೆದರಬ್ಯಾಡ್ರಿ ಅಕ್ಕಾರೆ, ನಾನು ಟೈಲರ್ ನೀಲವ್ವನ ಮಗ. ಊಟ ಆಯ್ತಾ?"

ಒಂದು ಡಬ್ಬಿ ಫಿಲ್ಮು ಹಾಳು.

"ಲೇ ಕೊಟ್ರಾ, ಭೂತ ಊಟ ಆಯ್ತಾ ಅಂತ ಕೇಳ್ತದೇನಲೇ? ವೇಷ ಹಾಕಿದ ಮೇಲೆ ಬಾಯಿ ಬಿಡಬ್ಯಾಡ. ಯಾರು ಏನೇ ಕೇಳಲಿ, ಗುರ್ ಅನ್ನು."

"ಆಗಲಿ ಅವ್ವ."

ಎರಡನೇ ದಿನ ಶೆಡ್ಡಿನ ಒಳಗೆ. ಮಂಜು ತೋರಿಸಲು ಕೆಂಡದ ಮೇಲೆ ಸಾಂಬ್ರಾಣಿ ಹಾಕಿದ್ದರು. ಕೊಟ್ರನ ಬಾಲ ಕೆಂಡದ ಮೇಲೆ ಬಿತ್ತು.

"ಏನೋ ಸುಟ್ಟ ವಾಸನೆ," ಅಂದ ತಿಪ್ಪೇಸ್ವಾಮಿ.

"ಗುರ್," ಅಂದ ಕೊಟ್ರ.

"ನಿನ್ನ ಬಾಲಾನೇನೋ?"

"ಗುರ್."

"ಬಿಸಿ ಆಗ್ತಿಲ್ಲವೇನೋ ಮಾರಾಯ?"

"ಗುರ್ರ್ರ್," ಅಂತ ಕೊಟ್ರ ಮೊಲದ ಹಾಗೆ ಕುಪ್ಪಳಿಸಿದ. ಎಂಥಾ ಅಭಿನಯ ಅಂತ ಪಾಲಾಕ್ಷಪ್ಪ ಕ್ಯಾಮೆರಾ ಓಡಿಸುತ್ತಲೇ ಇದ್ದ. ಬಾಲ ಅರ್ಧ ಬೂದಿಯಾಯಿತು. ಇನ್ನೊಂದು ಡಬ್ಬಿ ಹೋಯಿತು.

"ಬೆಂಕಿ ಕಂಡರೆ ಗುರ್ ಅನ್ನೋದಲ್ಲ ಕಣಲೇ. ನೀರು ತಗೊಂಡು ಸುರೀಬೇಕು. ಯಾರನ್ನೂ ಕೇಳ್ತಾ ನಿಲ್ಲಬ್ಯಾಡ."

"ಆಗಲಿ ಅವ್ವ."

ಮೂರನೇ ದಿನ ಬೆಳಿಗ್ಗೆ ಪಾಲಾಕ್ಷಪ್ಪ ಮಡಿ ಪಂಚೆ ಉಟ್ಟು ಕ್ಯಾಮೆರಾಗೆ ಪೂಜೆ ಮಾಡಿ, ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದ. ಹಿಂದಿನಿಂದ ಅರ್ಧ ಬಾಲದ ಭೂತ ಬಕೆಟ್ ಹಿಡಿದು ಓಡಿ ಬಂತು. ಕ್ಯಾಮೆರಾಗೆ ರೆಕ್ಸಿನ್ ಹೊದಿಸಿತ್ತು, ಅದು ಉಳಿಯಿತು. ಪಾಲಾಕ್ಷಪ್ಪ ಉಳಿಯಲಿಲ್ಲ.

ಅವನು ಪಂಚೆ ಹಿಂಡುತ್ತಾ ಹೇಳಿದ: "ನೀಲವ್ವ, ಇನ್ನು ಒಂದೇ ಡಬ್ಬಿ ಫಿಲ್ಮು ಇರೋದು. ಕೊನೇ ಶಾಟು ಒಂದೇ ಬಾಕಿ. ಅದೂ ಕೆಟ್ಟರೆ ನಿನ್ನ ಭೂತಾನ ಪೂರಾ ಕತ್ತರಿಸಿ ಹಾಕಿ, ಬರೀ ಪ್ರೇಮದ ಕತೆ ಮಾಡ್ತೀನಿ."

ಹನ್ನೊಂದು ದಿನದ ಹೊಲಿಗೆ. ನಾನು ಮಗನ ಕಿವಿ ಹಿಡಿದೆ.

"ದೇವರ ದೀಪಕ್ಕೆ ನೀರು ಹಾಕ್ತಾರೇನಲೇ? ಉರಿಯೋದು ಎದುರಿಗೆ ಬಂದರೆ ಕೈ ಮುಗಿದು, ಕಣ್ಣು ಮುಚ್ಚಿ ನಿಲ್ಲು."

"ಎಷ್ಟೊತ್ತು ಅವ್ವ?"

"ಗಂಟೆ ನಿಲ್ಲೋವರೆಗೆ."

ಅಷ್ಟರಲ್ಲಿ ತಿಪ್ಪೇಸ್ವಾಮಿ ಒಂದು ಕುಂಬಳಕಾಯಿ ತಂದು ಕೊಟ್ಟ. ಒಳಗೆ ಕುಂಕುಮ ತುಂಬಿತ್ತು. "ಕೊನೇ ಶಾಟಿಗೆ ದೃಷ್ಟಿ ತೆಗೆದು ಕುಂಬಳಕಾಯಿ ಒಡೆಯೋದು ಸಿನಿಮಾದವರ ಪದ್ಧತಿ. ಇದಾದರೂ ಸರಿಯಾಗಿ ಮಾಡು ಕೊಟ್ರ. ಇನ್ನೊಂದು ಸಲ ನೆನಪು ಮಾಡಲ್ಲ."

"ಆಗಲಿ ಸಾರ್."

ಸಂಜೆ ಕೆರೆ ಏರಿಯ ಮೇಲಿಂದ ಮೂವತ್ತು ಜನ ಪಂಜು ಹಿಡಿದು ಭೂತವನ್ನು ಸುಡಲು ಇಳಿದು ಬಂದರು. ಭೂತ ಅಬ್ಬರಿಸಿ ಮೇಲೆ ಬಿದ್ದು, ಕೊನೆಗೆ ನೀರಿಗೆ ಉರುಳಬೇಕಿತ್ತು. ಕೊಟ್ರ ಪಂಜು ನೋಡಿದ. ಕೈ ಮುಗಿದ. ಕಣ್ಣು ಮುಚ್ಚಿ ನಿಂತ.

ಪಂಜು ಹಿಡಿದವರೆಲ್ಲ ಮಿಲ್ಲಿನ ಕೂಲಿಯವರು, ಅಭಿನಯ ಗೊತ್ತಿಲ್ಲದವರು. ಕೈ ಮುಗಿದವನನ್ನು ಹೇಗೆ ಸುಡುವುದು ಅಂತ ನಿಂತುಬಿಟ್ಟರು. ಮುಂದಿದ್ದ ಮುದುಕಿಯೊಬ್ಬಳು ಪಂಜು ಕೆಳಗಿಳಿಸಿ ತಾನೂ ಕೈ ಮುಗಿದಳು. ಕ್ಯಾಮೆರಾ ಓಡುತ್ತಿತ್ತು. ಏರಿಯ ಮೇಲೆ ಐಸ್ ಕ್ಯಾಂಡಿಯವನು ಗಂಟೆ ಬಾರಿಸುತ್ತಾ ಹೋದ. ಗಂಟೆ ನಿಂತಿತು. ಕೊಟ್ರ ಕಣ್ಣು ಬಿಟ್ಟ. ನೆಟ್ಟಗೆ ಹೋಗಿ ಕುಂಬಳಕಾಯಿ ಎತ್ತಿದ. ಮೂವತ್ತು ಜನಕ್ಕೂ ಮೂರು ಸುತ್ತು ಇಳಿ ತೆಗೆದು ನೆಲಕ್ಕೆ ಅಪ್ಪಳಿಸಿದ. ಕೆಂಪಗೆ ಸಿಡಿಯಿತು. ವನಜಾಕ್ಷಿ ನಿಜವಾಗಿಯೂ ಕಿರುಚಿದಳು. ಮೂವತ್ತೂ ಜನ ಪಂಜು ಬಿಸಾಕಿ ಓಡಿದರು. ಡಬ್ಬಿ ಖಾಲಿಯಾಯಿತು.

"ಶಾಟಿನ ಮಧ್ಯೆ ಯಾಕಲೇ ಒಡೆದೆ?"

"ಕೊನೇ ಶಾಟಿಗೆ ಅಂದ್ರಲ್ಲವ್ವ. ಶಾಟು ಆದಮೇಲೆ ಅಂತ ಯಾರೂ ಅನ್ನಲಿಲ್ಲ."

ನಾನು ಮನೆಗೆ ಬಂದು ದಿಂಬಿನ ಬಟ್ಟೆ ಕತ್ತರಿಸಲು ಕೂತೆ.

ಮೂರು ತಿಂಗಳಿಗೆ ನಮ್ಮೂರ ಟಾಕೀಸಿಗೆ ಸಿನಿಮಾ ಬಂತು. ನನ್ನ ಭೂತ ಇದೆಯೋ, ಕತ್ತರಿಸಿ ಹಾಕಿದ್ದಾರೋ ಯಾರೂ ಹೇಳಲಿಲ್ಲ. ಮ್ಯಾಟಿನಿಗೆ ಮಗನನ್ನೂ ಕರೆದುಕೊಂಡು ಹೋದೆ. ಒಳಗೆ ಹೋಗುವ ಮುಂಚೆ ಹೇಳಿದೆ: "ಮಾತಾಡಬ್ಯಾಡ. ಗುರ್ ಅನ್ನಬ್ಯಾಡ. ನೀರು ಸುರೀಬ್ಯಾಡ. ಕೈ ಮುಗೀಬ್ಯಾಡ. ಏನನ್ನೂ ಒಡೀಬ್ಯಾಡ. ಎಲ್ಲರೂ ಏನು ಮಾಡ್ತಾರೋ ಅದನ್ನೇ ಮಾಡು."

"ಆಗಲಿ ಅವ್ವ."

ಪರದೆಯ ಮೇಲೆ ಕೆರೆ. ನೀರು ಸೀಳಿ ಭೂತ ಎದ್ದಿತು. ಊಟ ಕೇಳುವ ಮುಂಚೆಯೇ ಪಾಲಾಕ್ಷಪ್ಪ ಕತ್ತರಿಸಿದ್ದ. ಭುಜದ ಹತ್ತಿರ ನನ್ನ ಹೊಲಿಗೆ ಕಾಣುತ್ತಿತ್ತು. ಬೆನ್ನ ಮೇಲೆ ಅಕ್ಕಿ ಚೀಲದ ಅಕ್ಷರವೂ ಕಾಣುತ್ತಿತ್ತು. ನಾನು ಓದು ಕಲಿತದ್ದೇ ಅಂಥ ಅಕ್ಷರ ಕೂಡಿಸಿಕೊಂಡು. "ಲೇ, ಅದು ಅಕ್ಕಿ ಚೀಲ ಕಣಲೇ," ಅಂತ ಹಿಂದೆ ಒಬ್ಬ ನಕ್ಕ. ಭೂತ ಲೋಳೆ ಸುರಿಸುತ್ತಾ ಕೈ ಎತ್ತಿತು ನೋಡಿ, ನಕ್ಕವನೇ ಮೊದಲು ಕಿರುಚಿದ. ಚೀಲ ಅಂತ ಗೊತ್ತಿದ್ದೂ ಕಿರುಚಿದ. ಮುಂದಿನ ಬೆಂಚಿನ ಹುಡುಗಿಯರು ಎದ್ದು ಕಿರುಚುತ್ತಾ ಬಾಗಿಲಿಗೆ ಓಡಿದರು. ಕೊಟ್ರನೂ ಎದ್ದ. ಕಿರುಚಿದ. ಓಡಿದ.

ಹುಡುಗಿಯರು ಬಾಗಿಲ ಹತ್ತಿರ ನಿಂತು ನಗುತ್ತಾ ವಾಪಸು ಬಂದರು. ಕೊಟ್ರ ನಿಲ್ಲಲಿಲ್ಲ. ನಾನು ಅವನ ಹಿಂದೆ ಓಡಿದೆ. ಅವನು ಮನೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡ.

"ಬಾಗಿಲು ತೆಗೀ ಲೇ, ನಾನು ನಿಮ್ಮವ್ವ."

"ತೆಗೆಯಲ್ಲ. ಭೂತ ಬರ್ತದೆ."

"ಆ ಭೂತ ನೀನೇ ಅಲ್ಲೇನಲೇ?"

"ಅದಕ್ಕೇ ಹೇಳೋದು ಅವ್ವ. ನನಗೆ ಅವನು ಚೆನ್ನಾಗಿ ಗೊತ್ತು. ಬಾಲ ಸುಟ್ಟರೂ ಬರೀ ಗುರ್ ಅಂತಾನೆ."

ಹೊಸ್ತಿಲ ಹೊರಗೆ ಕೂತೆ. ಆಟ ಬಿಟ್ಟ ಮೇಲೆ ತಿಪ್ಪೇಸ್ವಾಮಿ ಹುಡುಕಿಕೊಂಡು ಬಂದ. ಕಣ್ಣು ಒರೆಸಿಕೊಳ್ಳುತ್ತಿದ್ದ. ಭೂತ ಕೈ ಮುಗಿದಾಗ ಟಾಕೀಸಿನಲ್ಲಿ ಒಂದು ಕೆಮ್ಮಿಲ್ಲವಂತೆ, ಹೆಂಗಸರೆಲ್ಲ ಕೈ ಮುಗಿದರಂತೆ, ಕುಂಬಳಕಾಯಿ ಒಡೆದಾಗ ಚಾವಣಿ ಹಾರುವಷ್ಟು ಶಿಳ್ಳೆಯಂತೆ.

"ಮುಂದಿನ ಮೂರೂ ನೀವೇ ಹೊಲೀರಿ ನೀಲವ್ವ," ಅಂದ. "ನಿಮ್ಮ ಮಗನ್ನೂ ಕಳಿಸಿ."

"ಕಳಿಸ್ತೀನಿ," ಅಂದೆ, "ಅವನು ಬಾಗಿಲು ತೆಗೆದರೆ."

ಮಾರನೆಯ ದಿನವೇ ಮೂರು ಭೂತ ಹೊಲಿಯಲು ಕೂತೆ. ಮೂರೂ ಮುಗಿಯುವ ಹೊತ್ತಿಗೆ ಸಿನಿಮಾ ಊರು ಬಿಟ್ಟಿತ್ತು. ಅದರ ಪ್ರಿಂಟು ಈಗ ಎಲ್ಲೂ ಇಲ್ಲ.

ಇವತ್ತು ಆ ಜಿನ್ನಿನ ಶೆಡ್ಡು ನನ್ನದು. ನಾಲ್ಕು ಹೊಲಿಗೆ ಮಿಷನ್ನು ನನ್ನವು. ಗೋಡೆಯ ಗೂಟಕ್ಕೆ ನೇತುಹಾಕಿದ ಹತ್ತೊಂಬತ್ತು ಭೂತಗಳು ನನ್ನವು, ಮೊದಲನೆಯದಕ್ಕೆ ಅರ್ಧ ಬಾಲ. ಇಷ್ಟಕ್ಕೆಲ್ಲ ನಾನು ಕೊಟ್ಟದ್ದು ಎರಡು ಬಂಗಾರದ ಬಳೆ, ಸೂಜಿ ಹೊಕ್ಕು ಸತ್ತ ಒಂದು ಹೆಬ್ಬೆರಳಿನ ಉಗುರು, ಮತ್ತೆ ಆ ಕೊನೇ ಶಾಟು. ಪರದೆಯ ಮೇಲೆ ಅದನ್ನು ಊರೇ ನೋಡಿತು. ನಾನು ನೋಡಿಲ್ಲ.