ಧೂಮಕೇತುವಿನ ಹೊಸ ಯಜಮಾನ

ಕರಾರು ಹೀಗಿತ್ತು. ಧೂಮಕೇತು ಪ್ರಕಾಶನ, ಅದರ ಹೆಸರು, ಗೋದಾಮಿನಲ್ಲಿರುವ ಪುಸ್ತಕಗಳು, ಲೇಖಕರ ಜೊತೆಗಿನ ಒಪ್ಪಂದಗಳು, ಎಲ್ಲವೂ ಇಂದುಧರನಿಗೆ. ಬದಲಿಗೆ ಇಂದುಧರ ಒಂದು ಪುಸ್ತಕವನ್ನು ಯಜಮಾನನಾಗಿ ತಾನೇ ಹೊರತರಬೇಕು. ಅದನ್ನು ಬರೆದವರು ತಮ್ಮ ಮುಂದಿನ ಪುಸ್ತಕವನ್ನೂ ಧೂಮಕೇತುವಿಗೇ ಕೊಡುತ್ತೇನೆ ಎನ್ನಬೇಕು. ಹಾಗೆ ಅಂದರೆ ಅಂಗಡಿ ಅವನದು. ಅನ್ನದಿದ್ದರೆ, ಪರೀಕ್ಷೆಯ ಗೈಡು ಮಾಡುವ ಕಂಪನಿಯೊಂದು ಕೊಳ್ಳಲು ಕಾದು ಕೂತಿತ್ತು.

ಗೈಡಿನವರಿಗೆ ಬೇಕಾದದ್ದು ಗೋದಾಮು, ಮತ್ತು ಪುಸ್ತಕದಂಗಡಿಗಳ ಪರಿಚಯ. ರಾಕೆಟ್ಟಿನ ಕಥೆ, ಅನ್ಯಗ್ರಹದ ಕಥೆ ಅವರಿಗೆ ಬೇಡ. ಕೊಂಡ ಮರುದಿನವೇ ಅವನ್ನು ನಿಲ್ಲಿಸುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಕರಾರು ಹಾಕಿದವರು ಮುರಿಗೆಪ್ಪ ಶೆಟ್ಟರು. ಹರಿಹರದಲ್ಲಿ ಕಾಗದದ ವ್ಯಾಪಾರ ಮಾಡುತ್ತಿದ್ದವರು, ನಡುವಯಸ್ಸಿನಲ್ಲಿ ವೈಜ್ಞಾನಿಕ ಕಥೆಗಳನ್ನು ಅಚ್ಚು ಹಾಕಲು ಕೂತರು. "ಅಂಗಡಿಗೆ ಯಾರಾದ್ರೂ ಧೂಮಕೇತು ಅಂತ ಹೆಸರಿಡ್ತಾರೇನ್ರಿ, ಅಪಶಕುನ" ಎಂದವರಿಗೆ, "ಹೋದ್ರೂ ತಿರುಗಿ ಬರ್ತೈತಲ್ಲ, ಅದಕ್ಕೇ ಇಟ್ಟೆ" ಎಂದಿದ್ದರು.

ಇಂದುಧರ ಅವರ ಶಿಷ್ಯ. ಕರಡು ತಿದ್ದುವುದು, ಕಾಗದ ಆರಿಸುವುದು, ಏಜೆಂಟರ ಜೊತೆ ಜಗಳವಾಡಿ ಮತ್ತೆ ಚಹಾ ಕುಡಿಸಿ ಕಳಿಸುವುದು, ಎಲ್ಲ ಅವರಿಂದ ಕಲಿತದ್ದು.

"ಇದೆಂಥ ಷರತ್ತು ಶೆಟ್ರೇ?" ಎಂದು ಅವನು ಕೇಳಿದ. "ಎಷ್ಟು ಪ್ರತಿ ಮಾರಬೇಕು ಅಂತ ಕೇಳಬಹುದಿತ್ತಲ್ಲ."

"ಮಾರೋದು ಅಂಗಡಿಯೋರ ಕೆಲಸ. ನಮಗೆ ಬರೆಯೋರೇ ಗಿರಾಕಿ. ಒಂದು ಸಲ ಬಂದೋರು ದಾರಿ ತಪ್ಪಿ ಬಂದಿರಬಹುದು. ಎರಡನೇ ಸಲ ಬಂದ್ರೆ ಗಿರಾಕಿ ಅನ್ನು."

ಮರುದಿನ ಬೆಳಿಗ್ಗೆ ಇಂದುಧರ ಅಂಗಡಿಗೆ ಬಂದಾಗ ಶೆಟ್ಟರ ಕುರ್ಚಿ ಖಾಲಿಯಿತ್ತು. ಶೆಟ್ಟರು ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು, ಊರೂರಿಗೆ ಹೋಗಬೇಕಾದ ಪುಸ್ತಕಗಳಿಗೆ ಹುರಿ ಸುತ್ತುತ್ತಿದ್ದರು.

"ಬರ್ರಿ ಯಜಮಾನ್ರೇ," ಎಂದರು.

"ಹಂಗನ್ನಬ್ಯಾಡ್ರಿ. ಮೈಮೇಲೆ ಮುಳ್ಳು ಬಂದಂಗಾಗ್ತೈತೆ."

"ನಿಮಗಲ್ಲ, ಕುರ್ಚಿಗೆ ಅಂದೆ. ಹೋಗಿ ಕೂಡ್ರಿ."

ಅಂದಿನಿಂದ ಅವರು ಅವನನ್ನು ನೀನು ಎನ್ನಲಿಲ್ಲ.

ಯಜಮಾನನ ಮೊದಲ ಪುಸ್ತಕ ಸಲೋಮಿ ಸಿಸ್ಟರ್ ಅವರದು. ಸಲೋಮಿ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನಿವೃತ್ತಿಯಾದರೂ ಊರಿಗೆಲ್ಲ ಸಿಸ್ಟರೇ. ಅವರ ಕಥೆಯಲ್ಲಿರುವುದು ಮುಂದೆಂದೋ ಬರುವ ಕಾಲದ ಒಂದು ಆಸ್ಪತ್ರೆ. ಅಲ್ಲಿ ಕಾಲು ಕಳೆದುಕೊಂಡ ಲಾರಿ ಡ್ರೈವರ್ ಒಬ್ಬ ಮಲಗಿದ್ದಾನೆ. ಅವನ ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಬೈಗುಳ ಕೇಳಿಸಿಕೊಳ್ಳುವ ಯಂತ್ರ ಒಂದಿದೆ. ಕಥೆ ಅಷ್ಟೇ. ಓದಿದರೆ ಕೆಳಗಿಡಲು ಆಗುವಂಥದ್ದಲ್ಲ.

ಇಂದುಧರ ಓದಿದ. ಒಂದು ಕಡೆ ಅವನ ಪೆನ್ನು ನಿಂತಿತು.

ಪುಸ್ತಕದ ಅರ್ಧದವರೆಗೂ ಯಂತ್ರ 'ಅದು'. ಅದು ಬಂತು, ಅದು ನಿಂತಿತು, ಅದು ದೀಪ ಆರಿಸಿತು. ಅರ್ಧ ದಾಟಿದ ಮೇಲೆ 'ಅವನು'. ಅವನು ಬಂದ, ಅವನು ನಿಂತ.

ಧೂಮಕೇತುವಿನಲ್ಲಿ ಇದಕ್ಕೊಂದು ನಿಯಮವಿತ್ತು. ಹಿಂದೊಮ್ಮೆ ಒಂದು ಕಾದಂಬರಿಯಲ್ಲಿ ಒಂದೇ ಗ್ರಹದ ಹೆಸರು ಮೂರು ಥರ ಅಚ್ಚಾಗಿ, ಇವು ಮೂರು ಗ್ರಹವೋ ಒಂದೋ ಎಂದು ಓದುಗರು ಕಾರ್ಡು ಬರೆದಿದ್ದರು. ಆಗ ಶೆಟ್ಟರು ಹೇಳಿದ್ದರು: ಒಂದು ಪುಸ್ತಕದಲ್ಲಿ ಒಂದು ವಸ್ತುವಿಗೆ ಒಂದೇ ಪದ. ಇಂದುಧರ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ, ಹೊಸ ಲೇಖಕರು ಅವನನ್ನು ಬೆನ್ನ ಹಿಂದೆ 'ಒಂದೇ ಪದ' ಎಂದೇ ಕರೆಯುತ್ತಿದ್ದರು.

ಅವನು ಎಲ್ಲವನ್ನೂ 'ಅದು' ಮಾಡಿದ. ಸುಲಭದ ಕೆಲಸವಲ್ಲ, ಬಂದ ಎಂದಿದ್ದಲ್ಲಿ ಬಂತು, ನಕ್ಕ ಎಂದಿದ್ದಲ್ಲಿ ನಕ್ಕಿತು, ಒಂದೊಂದು ಸಾಲಿನ ಬಾಲವನ್ನೂ ತಿದ್ದಬೇಕಾಯಿತು. ಮುಗಿಸಿದಾಗ ಅವನಿಗೆ ತೃಪ್ತಿಯಾಯಿತು.

ಕರಡನ್ನು ಶೆಟ್ಟರ ಬಳಿ ತಂದ. "ಒಂದು ಸಲ ಕಣ್ಣಾಡಿಸ್ರಿ."

"ನಾನು ಕಣ್ಣಾಡಿಸಿದ್ರೆ ಯಜಮಾನ ನಾನೇ ಆದೆ."

"ಸುಮ್ನೆ ನೋಡ್ರಿ. ತಪ್ಪಿದ್ರೆ ಹೇಳ್ರಿ."

"ಹುರಿ ಖಾಲಿಯಾಗೈತೆ," ಎಂದರು ಶೆಟ್ಟರು. "ತರಿಸ್ರಿ. ನನಗೆ ಸಂಬಂಧಪಟ್ಟಿದ್ದು ಅಷ್ಟೇ."

ಸಿಸ್ಟರಿಗೆ ತೋರಿಸಬೇಕು ಎಂದು ಇಂದುಧರನಿಗೆ ಅನಿಸದೇ ಇರಲಿಲ್ಲ. ಆದರೆ ಒಂದು ಅಕ್ಷರದೋಷವೂ ಇಲ್ಲ, ಸುಮ್ಮನೆ ವಯಸ್ಸಾದವರಿಗೆ ತೊಂದರೆ ಏಕೆ ಎಂದುಕೊಂಡ. ಪುಸ್ತಕ ಅಚ್ಚಾಗಿ, ಹೊಲಿಗೆಯಾಗಿ, ಹೊದಿಕೆ ಹಾಕಿಕೊಂಡು ಬಂತು. ಶೆಟ್ಟರು ಕಟ್ಟು ಕಟ್ಟಿದರು. ಬಿಡುಗಡೆಗೆ ಮೊದಲೇ ಪ್ರತಿ ಕೊಂಡುಹೋಗಲು ಸಿಸ್ಟರ್ ತಾವೇ ಬಂದರು.

ಅವರು ಕೂರಲಿಲ್ಲ. ನಿಂತೇ ಪುಸ್ತಕದ ನಡುವಿನ ಪುಟ ತೆಗೆದರು. ಕನ್ನಡಕ ಏರಿಸಿ ಓದಿದರು. ಇನ್ನೊಂದು ಪುಟ ತಿರುವಿದರು.

"ಇವನೆಲ್ಲಿ ಹೋದ?" ಎಂದು ಕೇಳಿದರು.

"ಯಾರು ಸಿಸ್ಟರ್?"

"ನನ್ನ ಹುಡುಗ. ಇಲ್ಲಿ ಡ್ರೈವರ್ ಬೈದು ಬೈದು ಸಾಕಾಗಿ, 'ಬಾರಪ್ಪಾ, ಕೂತ್ಕೋ' ಅಂತಾನಲ್ಲ. ಅವನು ಕೂತ ಅಂತ ಬರೆದಿದ್ದೆ. ನೀವು ಅದು ಕೂತಿತು ಅಂತ ಹಾಕಿದ್ದೀರಿ. ಕಾಗೆ ಕೂತ ಹಾಗೆ."

"ಯಂತ್ರ ಅಲ್ವಾ ಸಿಸ್ಟರ್. ಮೊದಲು ಅದು, ಆಮೇಲೆ ಅವನು. ಓದೋರಿಗೆ ಗೊಂದಲ ಆಗ್ತೈತೆ ಅಂತ…"

"ವಾರ್ಡಿಗೆ ಹೊಸ ಪೇಷೆಂಟ್ ಬಂದರೆ ನಾವು ಏನಂತೀವಿ ಗೊತ್ತಾ? ಏಳನೇ ಬೆಡ್ಡು. ಏಳನೇ ಬೆಡ್ಡು ಊಟ ಮಾಡಿತಾ, ಏಳನೇ ಬೆಡ್ಡಿಗೆ ಜ್ವರ ಇಳೀತಾ? ಹೆಸರು ಹಿಡಿದು ಕೇಳೋಕೆ ಸ್ವಲ್ಪ ದಿನ ಬೇಕು. ಯಾವಾಗ ಶುರು ಮಾಡಿದೆವು ಅಂತ ನಮಗೂ ಗೊತ್ತಾಗಲ್ಲ. ನಾನು ಬರೆದಿದ್ದೇ ಅದನ್ನ."

ಇಂದುಧರ ಅವರ ಕೈಯಲ್ಲಿದ್ದ ಪುಟದತ್ತ ಬಗ್ಗಿ ನೋಡಿದ.

"ಒಂದು ಮಾತು ಕೇಳಬಹುದಿತ್ತು," ಎಂದು ಸಿಸ್ಟರ್ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಮುಂದಿನದನ್ನ ಬೇರೆಯವರು ಕೇಳ್ತಿದ್ದಾರೆ. ಅವರಿಗೇ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಪ್ರತಿ ತೆಗೆದುಕೊಳ್ಳದೆ ಹೋದರು.

ಶೆಟ್ಟರು ಸಂಜೆ ಹೊಳೆಯ ದಂಡೆಯಲ್ಲಿ ಕೂರುವವರು. ಇಂದುಧರ ಅಲ್ಲಿಗೇ ಹೋದ. ಮೆಟ್ಟಿಲ ಮೇಲೆ ಅವರ ಪಕ್ಕ ಕೂತು, ನಡೆದದ್ದನ್ನು ಹೇಳಿದ.

"ನಿಯಮ ನಿಮ್ಮದೇ," ಎಂದ ಕೊನೆಗೆ. "ಒಂದು ವಸ್ತುವಿಗೆ ಒಂದೇ ಪದ."

"ನನ್ನದೇ."

"ನಾನು ಅದನ್ನ ಪಾಲಿಸಿದೆ. ತಪ್ಪೇನು?"

ಶೆಟ್ಟರು ತುಂಗಭದ್ರೆಯ ನಡುವೆ ಕೈ ತೋರಿಸಿದರು. "ಅಲ್ಲೇನು?"

ಇಂದುಧರ ಕಣ್ಣು ಕಿರಿದು ಮಾಡಿ ನೋಡಿದ. "ಗಡಿಗೆ ಇರಬೇಕು. ತೇಲ್ತಾ ಐತೆ."

ಸ್ವಲ್ಪ ಹೊತ್ತು ಬಿಟ್ಟು ಶೆಟ್ಟರು ಕೇಳಿದರು, "ಈಗ?"

"ಅಲ್ಲ, ಗಡಿಗೆಯಲ್ಲ. ಯಾರೋ ಈಜ್ತಾ ಇದಾನೆ. ಈ ಕಡೆಗೇ ಬರ್ತಾನೆ."

ಈಜುವವರು ದಂಡೆಗೆ ಹತ್ತಿರವಾದರು. ಬೋಳುತಲೆಯನ್ನು ಕೈಯಿಂದ ಒರೆಸಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಎದ್ದು ನಿಂತರು.

"ಅಯ್ಯ, ಹಾಲಪ್ಪ ಮೇಷ್ಟ್ರು ಬಂದ್ರು," ಎಂದು ಇಂದುಧರ ಗಡಬಡಿಸಿ ಎದ್ದ. ಹೈಸ್ಕೂಲಿನಲ್ಲಿ ಅವನಿಗೆ ಗಣಿತ ಕಲಿಸಿದವರು. "ನಮಸ್ಕಾರ ಸರ್."

"ಯಾರಪ್ಪಾ, ಇಂದುಧರನಾ? ಟವೆಲ್ ಆ ಕಲ್ಲಿನ ಮೇಲೈತೆ, ಕೊಡು," ಎಂದರು ಮೇಷ್ಟ್ರು. ಮೈ ಒರೆಸಿಕೊಂಡು, ಶೆಟ್ಟರ ಜೊತೆ ನೀರಿನ ತಂಪಿನ ಬಗ್ಗೆ ಎರಡು ಮಾತಾಡಿ ಹೋದರು.

ಅವರು ಮೆಟ್ಟಿಲು ಹತ್ತಿ ಮರೆಯಾದ ಮೇಲೆ ಶೆಟ್ಟರು ಹೇಳಿದರು: "ತೇಲ್ತಾ ಐತೆ ಅಂದ್ರಿ. ಈಜ್ತಾ ಇದಾನೆ ಅಂದ್ರಿ. ಮೇಷ್ಟ್ರು ಬಂದ್ರು ಅಂದ್ರಿ. ಇರೋದು ಒಂದೇ ತಲೆ. ಯಾವುದಕ್ಕೆ ತಿದ್ತೀರಿ, ತಿದ್ರಿ ನೋಡೋಣ."

ಇಂದುಧರನಿಗೆ ನಗು ಬಂತು. ಆಮೇಲೆ ಬರಲಿಲ್ಲ.

ಮತ್ತೆ ಮೆಟ್ಟಿಲ ಮೇಲೆ ಕೂತ. ನಂತರ ಕೇಳಿದ, "ಹಂಗಾದ್ರೆ ನಿಯಮ ಯಾಕೆ ಮಾಡಿದ್ರಿ?"

"ಆ ಗ್ರಹದ ಪುಸ್ತಕಕ್ಕೆ ಬೇಕಿತ್ತು. ಆಗ ಕುರ್ಚಿ ಮೇಲೆ ನಾನಿದ್ದೆ."

"ಈಗ ಏನು ಮಾಡ್ಲಿ?"

ಶೆಟ್ಟರು ಎದ್ದು ಪಂಚೆಯ ಧೂಳು ಕೊಡವಿಕೊಂಡರು. "ಕಟ್ಟೆಲ್ಲ ತಯಾರೈತೆ. ಬೆಳಿಗ್ಗೆ ಲಾರಿ ಆಫೀಸಿಗೆ ಕಳಿಸ್ಬೇಕೋ ಬ್ಯಾಡೋ, ಅಷ್ಟು ಹೇಳ್ರಿ ಸಾಕು," ಎಂದು ಹೊರಟುಹೋದರು.

ಬೆಳಿಗ್ಗೆ ಇಂದುಧರ ಅಂಗಡಿಗೆ ಬಂದವನು ಕುರ್ಚಿಯತ್ತ ಹೋಗಲಿಲ್ಲ. ನೇರ ಹಿಂದಿನ ಕೋಣೆಗೆ ಹೋದ.

"ಶೆಟ್ರೇ, ಕಟ್ಟು ಬಿಚ್ರಿ."

"ಎಷ್ಟು?"

"ಎಲ್ಲಾ. ರದ್ದಿಗೆ ಹಾಕ್ರಿ. ಸಿಸ್ಟರ್ ಬರೆದಂಗೇ ಹೊಸದಾಗಿ ಅಚ್ಚು ಹಾಕಿಸ್ತೀನಿ."

ಶೆಟ್ಟರು ಹುರಿ ಕೆಳಗಿಟ್ಟರು. "ಸಿಸ್ಟರ್ ಮುಂದಿನದು ಕೊಡಲ್ಲ ಅಂದಾರೆ."

"ಗೊತ್ತು."

"ಅಂದ್ರೆ ಅಂಗಡಿ ನಿಮ್ಮ ಕೈಗೆ ಬರಲ್ಲ. ಗೈಡಿನೋರು ಬಂದು, ನೀವು ಅಚ್ಚು ಹಾಕಿಸಿದ್ದನ್ನ ಮೂಲೆಗೆ ತಳ್ತಾರೆ. ಯಾರ ಸಲುವಾಗಿ ಇದು?"

"ಪುಸ್ತಕ ತಪ್ಪೈತೆ. ತಪ್ಪಿದ್ದನ್ನ ಹೊರಗೆ ಬಿಡಲ್ಲ."

"ದುಡ್ಡು ಯಾರದು?"

"ನಿಮ್ಮದು."

"ನನ್ನನ್ನ ಒಂದು ಮಾತು ಕೇಳೋದಿಲ್ಲೇನು?"

"ಪುಸ್ತಕ ಹೊರಗೆ ಬರೋತನಕ ಯಜಮಾನ ನಾನು. ಕರಾರು ನಿಮ್ಮದೇ. ಪುಸ್ತಕ ಇನ್ನೂ ಹೊರಗೆ ಬಂದಿಲ್ಲ."

ಶೆಟ್ಟರು ಅವನ ಮುಖವನ್ನೇ ನೋಡಿದರು. ಕಾಗದದ ರೀಮು ಕೊಳ್ಳುವಾಗ ಬೆರಳಲ್ಲಿ ಮಡಚಿ ನೋಡುತ್ತಿದ್ದರಲ್ಲ, ಹಾಗೆ. ಆಮೇಲೆ ಮೊದಲ ಕಟ್ಟನ್ನು ಎಳೆದುಕೊಂಡು ಗಂಟು ಬಿಚ್ಚತೊಡಗಿದರು.

ಹೊಸ ಕರಡನ್ನು ಇಂದುಧರ ತಾನೇ ಹೊತ್ತು ಸಿಸ್ಟರ್ ಮನೆಗೆ ಹೋದ. ಅವರು ಬಾಗಿಲಲ್ಲೇ ಕೈಚಾಚಿ ಇಸಿದುಕೊಂಡರು, ಎರಡು ಪುಟ ಓದಿದ ಮೇಲೆ ಒಳಗೆ ಕರೆದರು, ಐದಾರು ಪುಟದ ಮೇಲೆ ಚಹಾ ಮಾಡಿದರು.

"ಒಂದು ಕೇಳ್ಲಾ ಸಿಸ್ಟರ್?" ಎಂದ ಇಂದುಧರ. "ಕೊನೇ ಅಧ್ಯಾಯದಲ್ಲಿ ಒಂದು ಸಾಲು. ಎಲ್ಲಾ ಕಡೆ ಅವನು ಅಂತ ಐತೆ, ಇಲ್ಲೊಂದೇ ಕಡೆ ಅದು ಅಂತ ಐತೆ. ಬೇಕಂತ ಬರೆದ್ರಾ? ನಾನು ಮುಟ್ಟಿಲ್ಲ."

ಸಿಸ್ಟರ್ ಪುಟ ಹತ್ತಿರ ಹಿಡಿದು ನೋಡಿದರು. "ಇಲ್ಲಪ್ಪ. ಕೈತಪ್ಪಿ ಬಂದಿದೆ. ಒಳ್ಳೇದಾಯ್ತು ಕೇಳಿದ್ದು, ತಿದ್ದಿ." ಪುಟ ವಾಪಸು ಕೊಡುತ್ತಾ ಹೇಳಿದರು, "ಮುಂದಿನ ಪುಸ್ತಕಕ್ಕೆ ಅವರಿಗೆ ಮಾತು ಕೊಟ್ಟಾಯ್ತು. ಈಗ ಹಿಂದೆ ತಗೊಳ್ಳೋಕೆ ನನ್ನಿಂದ ಆಗಲ್ಲ."

"ತಗೋಬ್ಯಾಡ್ರಿ. ಅದನ್ನ ಕೇಳೋಕೆ ಬಂದಿಲ್ಲ ನಾನು."

ಪುಸ್ತಕ ಎರಡನೇ ಸಲ ಅಚ್ಚಾಗಿ ಬಂತು. ಶೆಟ್ಟರು ಎರಡನೇ ಸಲ ಕಟ್ಟು ಕಟ್ಟಿದರು. ಕಟ್ಟುಗಳು ಲಾರಿ ಆಫೀಸಿಗೆ ಹೋದ ದಿನ ಸಂಜೆ ಇಂದುಧರ ಕುರ್ಚಿಯಿಂದ ಎದ್ದು, ಅಂಗಡಿಯ ಬೀಗದ ಕೈಗಳನ್ನು ಶೆಟ್ಟರ ಮುಂದಿಟ್ಟ.

"ಸಿಸ್ಟರ್ ಕೊಡಲ್ಲ ಅಂದ್ರು. ಕರಾರು ಮುರೀತು."

"ಮುರೀತು," ಎಂದರು ಶೆಟ್ಟರು.

"ಗೈಡಿನೋರಿಗೆ ಯಾವಾಗ ಹೇಳ್ತೀರಿ?"

"ಮಧ್ಯಾಹ್ನವೇ ಹೇಳ್ದೆ. ಕೊಡಲ್ಲ ಅಂತ."

ಇಂದುಧರ ಅವರ ಮುಖ ನೋಡಿದ. "ನೀವು ಕರಾರು ತಪ್ಪೋರಲ್ಲ."

"ತಪ್ಪಿಲ್ಲ. ಆ ಕರಾರು ಇಂದುಧರನ ಜೊತೆ ಮಾಡಿದ್ದು. ಒಳ್ಳೇ ಹುಡುಗ, ನಾನು ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅವನು ಸೋತ. ನನ್ನ ದುಡ್ಡಲ್ಲಿ, ನನ್ನನ್ನ ಕೇಳದೇ, ನನ್ನ ಕೈಯಿಂದಲೇ ಕಟ್ಟು ಬಿಚ್ಚಿಸಿದೋರು ಬೇರೆ. ಅವರ ಜೊತೆ ಇನ್ನೂ ಮಾತಾಗಿಲ್ಲ." ಬೀಗದ ಕೈಗಳನ್ನು ಅವನ ಕಡೆಗೇ ಸರಿಸಿದರು. "ಈಗ ಆಯ್ತು."

"ಷರತ್ತು?"

"ಇಲ್ಲ."

"ಲಾಭ ಇಲ್ದೇ ಏನನ್ನೂ ಕೊಡೋರಲ್ಲ ನೀವು."

"ಕೊಡೋನಲ್ಲ." ಶೆಟ್ಟರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡರು. "ಲೆಕ್ಕ ಹಾಕ್ರಿ. ಒಂದು ಮುದ್ರಣ ರದ್ದಿಗೆ ಹೋಯ್ತು. ಸಿಸ್ಟರ್ ಬೇರೆ ಕಡೆ ಹೋದ್ರು. ನನ್ನ ನಿಯಮ ಹೋಯ್ತು. ಎಲ್ಲಾ ಖರ್ಚಿನ ಕಡೆ."

"ಜಮಾ ಕಡೆ?"

"ನಾಳೆಯಿಂದ ನಾನು ಬರಬೇಕಾಗಿಲ್ಲ."