ದೈತ್ಯನ ಪಕ್ಕದಲ್ಲಿ ನಿಂತವರು

ಶಿಷ್ಯ ಕೇಳಿದ: "ಗುರುಗಳೇ, ನೀವು ಹೇಳಿದಂತೆ ಆ ಊರಿನಲ್ಲಿ ಒಂದು ತಿಂಗಳಿದ್ದು ಕುಡಿತದ ಕೇಡನ್ನು ಕುರಿತು ಮಾತನಾಡಿದೆ. ಕುಡಿತ ಎಂಥ ದೊಡ್ಡ ಪಿಶಾಚಿ, ಎಷ್ಟು ಮನೆಗಳನ್ನು ನುಂಗಿದೆ ಎಂದು ವಿವರಿಸಿದೆ. ಕೇಳಿದವರು ನಡುಗಿದರು. ಕೆಲವರು ಅತ್ತರು. ಆಮೇಲೆ ಎದ್ದು ಹೋಗಿ ಮತ್ತೆ ಕುಡಿದರು. ನನ್ನ ಮಾತಿನಲ್ಲಿ ಏನು ಕಡಿಮೆಯಾಯಿತು?"

ಗುರುಗಳು ಹೇಳಿದರು: "ಕಡಿಮೆಯಾಗಿರಲಾರದು. ಒಂದು ಕತೆ ಕೇಳು."

ಹೊಳೆಯ ದಡದಲ್ಲಿ ಒಂದು ಊರಿತ್ತು. ಹೊಳೆ ದಾಟುವ ಕಡವಿನ ಹತ್ತಿರ ಒಂದು ಆಳವಾದ ಮಡು. ಆ ಮಡುವಿನಲ್ಲಿ ಒಬ್ಬ ದೈತ್ಯನಿದ್ದಾನೆ, ಅವನ ಮೈ ಉಡದ್ದು, ದವಡೆ ಮೊಸಳೆಯದು, ಬಾಲವೇ ಒಂದು ಹರದಾರಿ ಎಂದು ಜನ ಹೇಳುತ್ತಿದ್ದರು. ಕಂಡವರು ಯಾರೂ ಇರಲಿಲ್ಲ. ಒಂದು ವರ್ಷ ಹರಿಗೋಲು ನಡೆಸುವವನು ಮಡುವಿನ ಸುಳಿಗೆ ಸಿಕ್ಕಿ ಮುಳುಗಿದ. ದೈತ್ಯ ಎಳೆದುಕೊಂಡ ಎಂದು ಊರು ಮಾತನಾಡಿಕೊಂಡಿತು.

ಅವನ ಹೆಂಡತಿ ಹುಟ್ಟು ಹಿಡಿದಳು. ಆದರೆ ಸುಳಿಯ ಅಂಚಿನಲ್ಲಿ ಒಂದೇ ಹುಟ್ಟು ಹಾಕಿದರೆ ಹರಿಗೋಲು ಇದ್ದಲ್ಲೇ ತಿರುಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಎರಡನೆಯವರು ಬೇಕು. ಮನೆಯಲ್ಲಿ ಇದ್ದವಳು ಹನ್ನೆರಡು ವರ್ಷದ ಮಗಳೊಬ್ಬಳೇ. ಅಪ್ಪ ಸತ್ತಂದಿನಿಂದ ಅವಳು ಹರಿಗೋಲನ್ನು ಮುಟ್ಟಿರಲಿಲ್ಲ. ಮಳೆಗಾಲದೊಳಗೆ ಎರಡನೆಯ ಹುಟ್ಟಿಗೆ ಕೈ ಸಿಗದಿದ್ದರೆ ಕಡವನ್ನು ಬೇರೆ ಮನೆಗೆ ವಹಿಸುತ್ತೇವೆ ಎಂದು ಹಿರಿಯರು ತಿಳಿಸಿದರು. ಆ ಮನೆಗೆ ಬೇರೆ ಅನ್ನವಿರಲಿಲ್ಲ.

ಊರಿನಲ್ಲಿ ಒಬ್ಬ ಮುದಿ ಚಿತ್ರಗಾರನಿದ್ದ. ಬೆಳಗಿನ ಹೊತ್ತು ಮಕ್ಕಳಿಗೆ ಹಲಗೆಯ ಮೇಲೆ ಚಿತ್ರ ಬರೆಯಲು ಕಲಿಸುತ್ತಿದ್ದ. ತಾಯಿ ಮಗಳನ್ನು ಅವನ ಹತ್ತಿರ ತಂದು ಬಿಟ್ಟಳು.

"ಇವಳಿಗೆ ಆ ಮಡುವಿನ ದೈತ್ಯನನ್ನೇ ಬರೆಯಲು ಕಲಿಸಿ. ದಿನಾ ಬರೆದರೆ ಹೆದರಿಕೆ ಸವೆದೀತು."

ಚಿತ್ರಗಾರ ಎಲ್ಲ ಮಕ್ಕಳಿಗೂ ಅದನ್ನೇ ಕಲಿಸಿದ. ಮೊದಲು ಹಲ್ಲಿಯಂಥ ಮೈ. ಬೆನ್ನಿನ ಮೇಲೆ ಗರಗಸದ ಹಲ್ಲು. ಕಾಲಿಗೆ ಐದೈದು ಉಗುರು. ಮಕ್ಕಳು ಹಲಗೆಯ ಈ ಅಂಚಿನಿಂದ ಆ ಅಂಚಿನವರೆಗೆ ಬರೆದರು. ಬಾಲಕ್ಕೆ ಜಾಗ ಸಾಲದೆ ಮಡಚಿದರು. ಆದರೂ ಯಾರ ದೈತ್ಯನೂ ದೊಡ್ಡವನಾಗಿ ಕಾಣಲಿಲ್ಲ.

"ಅಜ್ಜಾ, ಇನ್ನೂ ದೊಡ್ಡ ಹಲಗೆ ಕೊಡು" ಎಂದ ಒಬ್ಬ.

ಚಿತ್ರಗಾರ ಅವನ ಹಲಗೆ ಒರೆಸಿದ. ಹೆಬ್ಬೆರಳಿನಷ್ಟು ಉದ್ದದ ಒಬ್ಬ ದೈತ್ಯನನ್ನು ಬರೆದ. ಅವನ ಪಕ್ಕದಲ್ಲಿ ಜೋಳದ ಕಾಳಿನಷ್ಟು ಒಬ್ಬ ಮನುಷ್ಯನನ್ನು ನಿಲ್ಲಿಸಿದ. ಮಕ್ಕಳು ಹೋ ಎಂದು ಹಿಂದೆ ಸರಿದರು.

"ದೈತ್ಯನನ್ನು ದೊಡ್ಡದು ಮಾಡುವುದು ಪಕ್ಕದಲ್ಲಿರುವ ಮನುಷ್ಯ. ಅವನನ್ನು ಚಿಕ್ಕದಾಗಿ ಬರೆಯಿರಿ, ಸಾಕು" ಎಂದ.

ಅಂದಿನಿಂದ ಎಲ್ಲರ ಹಲಗೆಯಲ್ಲೂ ಭಯಂಕರ ದೈತ್ಯರು ಎದ್ದರು. ಮಕ್ಕಳು ಒಬ್ಬರನ್ನೊಬ್ಬರು ಹೆದರಿಸಿ ನಕ್ಕರು. ಹರಿಗೋಲಿನವಳ ಮಗಳು ಎಲ್ಲರಿಗಿಂತ ಚೆನ್ನಾಗಿ ಬರೆದಳು, ಆದರೆ ನಗಲಿಲ್ಲ. ನಾಲ್ಕನೆಯ ದಿನ ತಾಯಿ ಬಂದು ಬಾಗಿಲಲ್ಲಿ ನಿಂತಳು.

"ಅಜ್ಜಾರೇ, ನೀವು ಚಿತ್ರ ಕಲಿಸಿದಿರೋ, ಭೂತ ಬಿಟ್ಟಿರೋ? ಮೊದಲು ಹರಿಗೋಲಿಗೆ ಮಾತ್ರ ಹೆದರುತ್ತಿದ್ದಳು. ಈಗ ಕೊಡ ತುಂಬಲಿಕ್ಕೂ ಹೊಳೆಗೆ ಇಳಿಯುವುದಿಲ್ಲ."

ಮಗಳು ತಾಯಿಯನ್ನು ನೋಡಿದಳು. ತಾಯಿಯ ಅಂಗೈಗಳು ಒಂಟಿ ಹುಟ್ಟು ಹಾಕಿ ಹಾಕಿ ಒಡೆದಿದ್ದವು.

ಮರುದಿನ ಹುಡುಗಿ ಹೆಬ್ಬೆರಳಿನಷ್ಟು ದೈತ್ಯನನ್ನೇ ಬರೆದಳು. ಹಲ್ಲು, ಉಗುರು, ಬಾಲ, ಯಾವುದನ್ನೂ ಬಿಡಲಿಲ್ಲ. ಪಕ್ಕದಲ್ಲಿ ಹುಟ್ಟು ಹಿಡಿದ ಒಬ್ಬ ಹೆಂಗಸನ್ನು ಬರೆದಳು. ಹೆಂಗಸಿನ ತಲೆ ಹಲಗೆಯ ಮೇಲಿನ ಅಂಚಿಗೆ ತಾಗಿತ್ತು, ಪಾದ ಕೆಳಗಿನ ಅಂಚಿಗೆ. ದೈತ್ಯ ಅವಳ ಕಾಲಬಳಿ ಇದ್ದ.

ಮಕ್ಕಳು ಬಿದ್ದು ಬಿದ್ದು ನಕ್ಕರು. "ಏ ಹುಲಿಗಿ, ಇದು ಗೋಡೆ ಮೇಲಿನ ಹಲ್ಲಿ! ಕಸಬರಿಗೆ ತಗೊಂಡು ಓಡಿಸು!"

ಚಿತ್ರಗಾರ ಒರೆಸುವ ಬಟ್ಟೆ ಎತ್ತಿಕೊಂಡ. "ನಾನು ಹೇಳಿದ್ದನ್ನು ಮರೆತೆಯಾ, ಮಗಳೇ?"

"ಮರೆತಿಲ್ಲ ಅಜ್ಜಾ. ನೀನು ಹೇಳಿದ್ದಕ್ಕೇ ಹೀಗೆ ಬರೆದೆ."

"ಇವಳು ಯಾರು?"

"ಅವ್ವ."

ಚಿತ್ರಗಾರ ಬಟ್ಟೆಯನ್ನು ಕೆಳಗಿಟ್ಟ.

ಮೂರು ದಿನದ ಮೇಲೆ ಹುಡುಗಿ ಹರಿಗೋಲು ಹತ್ತಿದಳು. ಸುಳಿಯ ಅಂಚು ಬಂದಾಗ ಕಣ್ಣು ಮುಚ್ಚಿಕೊಂಡೇ ಹುಟ್ಟು ಹಾಕಿದಳು. ಹಿಂದಿರುಗುವಾಗ ಕಣ್ಣು ತೆರೆದಿದ್ದಳು. ಕಡವು ಆ ಮನೆಯಲ್ಲೇ ಉಳಿಯಿತು. ಮಡು ಮಾತ್ರ ಮೊದಲಿನಷ್ಟೇ ಆಳವಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಗುರುಗಳೇ, ಮಡು ಆಳವಾಗಿದ್ದದ್ದು ನಿಜ. ಅದರಲ್ಲಿ ಅವಳ ಅಪ್ಪ ಮುಳುಗಿದ್ದೂ ನಿಜ. ನಾನೂ ಆ ಊರಿನವರಿಗೆ ಇದ್ದದ್ದನ್ನೇ ಹೇಳಿದೆ. ಪಿಶಾಚಿಯನ್ನು ಇರುವುದಕ್ಕಿಂತ ಒಂದು ಗೇಣೂ ದೊಡ್ಡದು ಮಾಡಲಿಲ್ಲ."

ಗುರುಗಳು ಕೇಳಿದರು: "ಅದರ ಪಕ್ಕದಲ್ಲಿ ಆ ಊರಿನವರನ್ನು ಎಷ್ಟು ಚಿಕ್ಕದಾಗಿ ಬರೆದೆ?"