ಏಳು ದಿನದ ನೂಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಒಂದು ದಿನ ಧ್ಯಾನಕ್ಕೆ ಕುಳಿತರೆ ಮನಸ್ಸು ನಿಂತ ನೀರಿನಂತೆ ಇರುತ್ತದೆ. ಮರುದಿನ ಕಣ್ಣಿ ಬಿಚ್ಚಿದ ಕರುವಿನಂತೆ ಓಡುತ್ತದೆ. ನಾನು ಮುಂದಕ್ಕೆ ಹೋಗುತ್ತಿದ್ದೇನೋ, ಹಿಂದಕ್ಕೆ ಬರುತ್ತಿದ್ದೇನೋ ನನಗೇ ತಿಳಿಯದು. ಇದನ್ನು ಹೇಗೆ ತಿಳಿಯಬೇಕು?"

ಗುರುಗಳು ಹೇಳಿದರು: "ಕೂತುಕೋ. ಒಬ್ಬ ನೇಕಾರನ ಕತೆ ಹೇಳುತ್ತೇನೆ."

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನು ನೇಯ್ದ ಸೀರೆಯನ್ನು ಜನ ಅಂಚು ನೋಡಿಯೇ ಗುರುತಿಸುತ್ತಿದ್ದರು. ಅವನ ಓಣಿಯಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳಲ್ಲಿ ಅವನ ಮಗ್ಗದ ಸೀರೆ ಉಡದವರು ಕಡಿಮೆ. ಒಂದು ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಜ್ವರವೇನೋ ಇಳಿಯಿತು. ಆದರೆ ಹೋಗುವಾಗ ಬಲಗೈಯ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಮಗ್ಗದಲ್ಲಿ ಅಡ್ಡನೂಲಿನ ಲಾಳಿ ಎಸೆದರೆ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು.

ವೈದ್ಯರು ಬಂದು ಕೈ ನೋಡಿದರು. ಹಚ್ಚಿಕೊಳ್ಳಲು ಎಣ್ಣೆ ಕೊಟ್ಟರು. "ಕೈ ಬರಬಹುದು. ಎಷ್ಟು ಬರುತ್ತದೆ, ಎಂದು ಬರುತ್ತದೆ, ಅದು ನನಗೂ ತಿಳಿಯದು. ದಪ್ಪ ನೂಲಿನ ಬಟ್ಟೆಯನ್ನು ದಿನಾ ಸ್ವಲ್ಪ ಸ್ವಲ್ಪ ನೇಯುತ್ತಿರಿ" ಎಂದು ಹೇಳಿ ಹೋದರು.

ನೇಕಾರ ಮಗ್ಗಕ್ಕೆ ಕುಳಿತ. ಮೊದಲ ದಿನ ಬೆರಳಗಲ ನೇಯುವಷ್ಟರಲ್ಲಿ ಬೆವರಿದ. ಕೆಲವು ದಿನ ಹೀಗೇ ಹೋಯಿತು. ಒಂದು ದಿನ ಇದ್ದಕ್ಕಿದ್ದಂತೆ ಕೈ ಹಗುರಾಯಿತು. ಗೇಣುದ್ದ ಬಟ್ಟೆ ಸರಾಗವಾಗಿ ಬಂತು. ನೇಕಾರನ ಸಂತೋಷಕ್ಕೆ ಪಾರವಿಲ್ಲ. ಅವನ ಮಗಳು ಆಗ ಬಸುರಿ. "ಮಗಳ ಸೀಮಂತಕ್ಕೆ ರೇಷ್ಮೆ ಸೀರೆ ನಾನೇ ನೇಯುತ್ತೇನೆ" ಎಂದು ಓಣಿಯ ಉದ್ದಕ್ಕೂ ಹೇಳಿಕೊಂಡು ಬಂದ.

ಮರುದಿನ ಎರಡು ಬೆರಳಗಲಕ್ಕಿಂತ ಹೆಚ್ಚು ಆಗಲಿಲ್ಲ. ಅದರ ಮರುದಿನ ಅಷ್ಟೂ ಇಲ್ಲ. ನೇಕಾರ ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಮ್ಮನ ಮಗನೊಬ್ಬ ಹೊಸದಾಗಿ ಮದುವೆಯಾಗಿ ಬೇರೆ ಮನೆ ಹೂಡಿದ್ದ. ಅವನಿಗೆ ಸ್ವಂತ ಮಗ್ಗ ಇರಲಿಲ್ಲ. ನೇಕಾರ ಅವನಿಗೆ ಹೇಳಿ ಕಳಿಸಿದ: "ನನ್ನ ಮಗ್ಗವನ್ನು ಬಿಚ್ಚಿಕೊಂಡು ಹೋಗು. ನನ್ನದು ಮುಗಿಯಿತು."

ಹುಡುಗ ಹಗ್ಗ ತಂದ, ಜೊತೆಗೆ ಇಬ್ಬರು ಗೆಳೆಯರನ್ನು ಕರೆತಂದ. ಆ ಬೆಳಿಗ್ಗೆ ನೇಕಾರನ ಕೈ ಚೆನ್ನಾಗಿ ಓಡುತ್ತಿತ್ತು. "ಮಗ್ಗ ಯಾಕೆ ಬಿಚ್ಚಬೇಕು? ನೋಡು, ಹೇಗೆ ನೇಯುತ್ತಿದ್ದೇನೆ" ಎಂದು ಅವರನ್ನು ಬಾಗಿಲಿನಿಂದಲೇ ಕಳಿಸಿದ. ವಾರ ಕಳೆಯಲಿಲ್ಲ, ಮತ್ತೆ ಹೇಳಿ ಕಳಿಸಿದ. ಮತ್ತೆ ಬಂದರು. ಮತ್ತೆ ಬರಿಗೈಯಲ್ಲಿ ಹೋದರು. ಓಣಿಯ ಜನಕ್ಕೆ ಇದೊಂದು ತಮಾಷೆಯಾಯಿತು. ಬಾವಿಕಟ್ಟೆಯಲ್ಲಿ ಕೊಡ ತುಂಬುವಾಗ ಒಬ್ಬರನ್ನೊಬ್ಬರು ಕೇಳುತ್ತಿದ್ದರು: "ಇವತ್ತು ಮಗ್ಗ ಇದೆಯೋ, ಹೋಯಿತೋ?"

ಕಡೆಗೆ ಹುಡುಗ ಒಬ್ಬನೇ ಬಂದು ಜಗಲಿಯ ಮೇಲೆ ಕುಳಿತ. "ದೊಡ್ಡಪ್ಪ, ನನಗೆ ಸಿಟ್ಟಿಲ್ಲ. ಆದರೆ ನನ್ನ ಮನೆಯೂ ನಡೆಯಬೇಕು. ಕೊಡುತ್ತೀರೋ ಇಲ್ಲವೋ, ಒಂದು ಮಾತು ಹೇಳಿಬಿಡಿ" ಎಂದ.

ನೇಕಾರ ತಲೆ ತಗ್ಗಿಸಿದ. ಕೈ ಬರುತ್ತಿದೆಯೋ, ಹೋಗುತ್ತಿದೆಯೋ, ಅವನಿಗೇ ಗೊತ್ತಿರಲಿಲ್ಲ. ಅವನ ಹೆಂಡತಿ ಒಳಗಿನಿಂದ ಬಂದಳು. "ನವರಾತ್ರಿ ಈಗಷ್ಟೇ ಮುಗಿದಿದೆ. ಕಾರ್ತಿಕದ ಗೌರಿ ಹುಣ್ಣಿಮೆಗೆ ಬಾರಪ್ಪ. ಅಂದು ಹೇಳಿದ್ದೇ ಕಡೆಯ ಮಾತು" ಎಂದಳು. ಹುಡುಗ ಒಪ್ಪಿದ.

ಅಂದಿನಿಂದ ಆಕೆ ಒಂದು ಕೆಲಸ ಮಾಡತೊಡಗಿದಳು. ಗಂಡ ಮಗ್ಗದಿಂದ ಎದ್ದ ಮೇಲೆ, ಆ ದಿನ ನೇಯ್ದ ಬಟ್ಟೆ ಎಷ್ಟು ಉದ್ದವೋ ಅಷ್ಟೇ ಉದ್ದದ ನೂಲನ್ನು ಕತ್ತರಿಸಿ ಮೊಳೆಗೆ ನೇತುಹಾಕುವಳು. ಇಂದಿನ ನೂಲನ್ನು ನಿನ್ನೆಯದರ ಪಕ್ಕ ಹಿಡಿದು ನೋಡಿದಳು. ಇಂದಿನದು ಉದ್ದ. ಮರುದಿನ ಹಿಡಿದಳು, ಗಿಡ್ಡ. ಅದರಿಂದ ಹೊಸದೇನೂ ತಿಳಿಯಲಿಲ್ಲ. ಗಂಡನ ಮುಖ ನೋಡಿದರೂ ಅಷ್ಟು ತಿಳಿಯುತ್ತಿತ್ತು.

ಆಮೇಲೆ ಎಲ್ಲ ನೂಲನ್ನೂ ತುದಿಗೆ ತುದಿ ಗಂಟು ಹಾಕಿ ಒಂದೇ ನೂಲು ಮಾಡಿದಳು. ದಿನಾ ಹೊಸ ತುಂಡನ್ನು ಸೇರಿಸಿದಳು. ನೂಲು ಬೆಳೆಯುತ್ತಾ ಹೋಯಿತು. ನೇಕಾರ ಅದನ್ನು ಕೈಗೆ ಸುತ್ತಿಕೊಂಡು ಹಿಗ್ಗಿದ. "ನೋಡಿದೆಯಾ, ಒಂದು ದಿನವೂ ಕಡಿಮೆಯಾಗಿಲ್ಲ" ಎಂದ.

ಹೆಂಡತಿ ಹೇಳಿದಳು: "ನೀವು ಬೆರಳಗಲ ನೇಯ್ದರೂ ಇದು ಬೆಳೆಯುತ್ತದೆ. ಇದು ನಮ್ಮನ್ನು ಸಮಾಧಾನ ಮಾಡುತ್ತದೆ. ನಿಜ ಹೇಳುವುದಿಲ್ಲ. ಹಳೆಯ ದಿನಗಳನ್ನು ಬಿಡಬೇಕು."

"ಬಿಡುವುದಾದರೆ ಎಷ್ಟು ದಿನದ್ದು ಇಟ್ಟುಕೊಳ್ಳುತ್ತೀ?"

ಅದು ಆಕೆಗೂ ತಿಳಿದಿರಲಿಲ್ಲ. ಮೂರು ದಿನದ್ದು ಇಟ್ಟುಕೊಂಡು ನೋಡಿದಳು. ಅದೂ ಒಮ್ಮೆ ಹಿಗ್ಗಿತು, ಒಮ್ಮೆ ಕುಗ್ಗಿತು. ಇಬ್ಬರೂ ನೂಲಿನ ತುಂಡುಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತರು. ಬಹಳ ಹೊತ್ತು ನೋಡಿದ ಮೇಲೆ ನೇಕಾರ ನಕ್ಕ. ಅವನು ಹೇಳಿದ: "ಈ ಗಿಡ್ಡದ್ದು ಸೋಮವಾರದ್ದು. ಸೋಮವಾರ ನನಗೆ ಉಪವಾಸ, ಮೈಯಲ್ಲಿ ಕಸುವಿರುವುದಿಲ್ಲ. ಇದು ಸಂತೆಯ ದಿನದ್ದು. ಬಂದವರ ಜೊತೆ ಮಾತಾಡುವುದರಲ್ಲೇ ಹೊತ್ತು ಹೋಗುತ್ತದೆ. ಉದ್ದದ್ದು ಭಾನುವಾರದ್ದು. ಶನಿವಾರ ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತೀಯಲ್ಲ, ಮರುದಿನ ಕೈ ಸಡಿಲವಾಗಿರುತ್ತದೆ. ಮೂರು ದಿನ ಹಿಡಿದರೆ ಒಮ್ಮೆ ಉಪವಾಸ ಸಿಕ್ಕೀತು, ಒಮ್ಮೆ ಎಣ್ಣೆಸ್ನಾನ ಸಿಕ್ಕೀತು. ವಾರ ಪೂರ್ತಿ ಹಿಡಿ. ಎಲ್ಲವೂ ಒಂದೊಂದು ಸಲ ಅದರೊಳಗೆ ಬರುತ್ತವೆ."

ಹಾಗೇ ಮಾಡಿದರು. ಏಳು ದಿನದ ಏಳು ತುಂಡು, ಒಂದೇ ನೂಲು. ಪ್ರತಿ ಸಂಜೆ ಹೊಸ ತುಂಡನ್ನು ಒಂದು ತುದಿಗೆ ಕಟ್ಟುವುದು, ಇನ್ನೊಂದು ತುದಿಯಿಂದ ಎಲ್ಲಕ್ಕಿಂತ ಹಳೆಯ ತುಂಡನ್ನು ಬಿಚ್ಚುವುದು. ನೂಲನ್ನು ಬಾಗಿಲ ಚೌಕಟ್ಟಿನಿಂದ ಗೋಡೆಗುಂಟ ಎಳೆದು ಹಿಡಿಯುವುದು. ಅದು ಎಲ್ಲಿಗೆ ಮುಟ್ಟಿತೋ ಅಲ್ಲಿ ಒಂದು ಸುಣ್ಣದ ಬೊಟ್ಟು ಇಡುವುದು. ಹೆಂಡತಿ ಒಮ್ಮೆ ಆ ನೂಲನ್ನು ಏಳು ಮಡಿಕೆ ಮಾಡಿ ಗಂಡನ ಅಂಗೈಯಲ್ಲಿ ಇಟ್ಟಳು. "ನಿಮ್ಮ ಒಂದು ದಿನದ ಕೈ ಇಷ್ಟು. ನಿನ್ನೆಯದೂ ಅಲ್ಲ, ಇವತ್ತಿನದೂ ಅಲ್ಲ. ಈಗ ನಿಜವಾಗಿ ಇರುವುದು ಇಷ್ಟು" ಎಂದಳು. ನೇಕಾರ ಅದನ್ನು ಮುಟ್ಟಿ ನೋಡಿದ. ಹೆಮ್ಮೆಪಡುವಷ್ಟು ಉದ್ದವಿರಲಿಲ್ಲ. ಅಳುವಷ್ಟು ಗಿಡ್ಡವೂ ಅಲ್ಲ.

ನೇಕಾರನಿಗೆ ಆ ಬೊಟ್ಟುಗಳ ಮೇಲೆ ಮೊದಮೊದಲು ಮುನಿಸಾಯಿತು. ಒಂದು ದಿನ ಮೊಳಕ್ಕೆ ಹತ್ತಿರ ನೇಯ್ದು, ಬೊಟ್ಟು ಹಾರಿ ಮುಂದೆ ಹೋಗುತ್ತದೆಂದು ಕಾದ. ಅಂದು ಬಿಚ್ಚಿದ ಹಳೆಯ ತುಂಡೂ ಉದ್ದದ್ದೇ, ಬೊಟ್ಟು ಸ್ವಲ್ಪವೇ ಸರಿಯಿತು. "ಇಷ್ಟೇನಾ?" ಎಂದ. ಮತ್ತೊಂದು ದಿನ ಏನೂ ಆಗದೆ, ಮುಖ ಬಾಡಿಸಿಕೊಂಡು ಎದ್ದ. ಅಂದು ಬಿಚ್ಚಿದ ತುಂಡೂ ಅಷ್ಟೇ ಗಿಡ್ಡ, ನೂಲನ್ನು ಎಳೆದು ಹಿಡಿದರೆ ಬೊಟ್ಟು ಇದ್ದಲ್ಲೇ ಇತ್ತು. "ಇಷ್ಟೇನಾ?" ಎಂದು ಮತ್ತೆ ಕೇಳಿದ. ಈ ಸಲ ಕೇಳುವಾಗ ನಗು ಬಂತು. ಅಂದು ಅವನು ಗೋಡೆಯ ಕಡೆ ತಿರುಗಿ ಮಲಗಲಿಲ್ಲ. ಊಟಕ್ಕೆ ಕುಳಿತು ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಬೊಟ್ಟುಗಳು ನಿಧಾನವಾಗಿ ಬಾಗಿಲಿನಿಂದ ದೂರ ನಡೆದವು. ಆಮೇಲೆ ಒಂದು ಕಡೆ ನಿಂತವು. ಅಲ್ಲಿಂದ ಹಿಂದಕ್ಕೆ ಬರತೊಡಗಿದವು.

ನೇಕಾರ ನಂಬಲಿಲ್ಲ. ಅಷ್ಟು ಕೆಟ್ಟ ದಿನ ಯಾವುದೂ ಬಂದಿರಲಿಲ್ಲ. ನಡುವೆ ಒಂದು ದಿನವಂತೂ ಜ್ವರ ಬಂದಂದಿನಿಂದ ಎಂದೂ ಆಗದಷ್ಟು ನೇಯ್ದಿದ್ದ. "ಗಂಟು ತಪ್ಪಿ ಹಾಕಿದ್ದೀಯ" ಎಂದ. ಹೆಂಡತಿ ಗಂಟು ಬಿಚ್ಚಿ, ಅವನ ಕೈಯಲ್ಲೇ ಅಳೆಯಿಸಿ, ಮತ್ತೆ ಕಟ್ಟಿದಳು. ಬೊಟ್ಟು ಹಿಂದೆಯೇ ಬಿತ್ತು. ಆಕೆ ಮೆಲ್ಲಗೆ ಕೇಳಿದಳು: "ಚೆನ್ನಾಗಿ ಆದ ದಿನ ನೀವು ಯಾವಾಗ ಮಗ್ಗದಿಂದ ಏಳುತ್ತೀರಿ?"

ನೇಕಾರ ಯೋಚಿಸಿದ. "ಕೈ ನಡುಗಲು ಶುರುವಾದ ಮೇಲೆ" ಎಂದ. "ನೂಲು ಉದ್ದ ಬರಲಿ ಎಂದು."

ಹೇಳುವಾಗಲೇ ಅವನಿಗೆ ಅರ್ಥವಾಯಿತು. ಒಂದು ದೊಡ್ಡ ದಿನಕ್ಕಾಗಿ ಮುಂದಿನ ದಿನಗಳನ್ನೆಲ್ಲ ಅವನು ತಿಂದುಹಾಕುತ್ತಿದ್ದ. ಮಾರನೆಯ ದಿನದಿಂದ, ಕೈ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ನಡುಕ ಬರುವ ಮುಂಚೆ ಎದ್ದುಬಿಡುತ್ತಿದ್ದ. ಬೊಟ್ಟು ಕೂಡಲೇ ತಿರುಗಲಿಲ್ಲ. ಆತುರದ ಆಸಾಮಿ, ಬೊಟ್ಟಿನ ಮುಂದೆ ನಿಂತು ಗೊಣಗಿದ. "ಇದಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ. ಏಳು ದಿನವನ್ನು ಹೊತ್ತುಕೊಂಡು ನಡೆಯಬೇಕಲ್ಲ" ಎಂದಳು ಹೆಂಡತಿ. ಅವನು ಕಾದ. ಬೊಟ್ಟು ನಿಂತಿತು. ಆಮೇಲೆ ಮುಂದೆ ಹೆಜ್ಜೆ ಇಟ್ಟಿತು. ಹಳೆಯ ಬೊಟ್ಟನ್ನು ದಾಟಿದ ಸಂಜೆ ನೇಕಾರ ಹೆಂಡತಿಗೆ ಹೂವು ತಂದುಕೊಟ್ಟ. ಯಾಕೆಂದು ಆಕೆ ಕೇಳಲಿಲ್ಲ. ಮುಡಿದುಕೊಂಡಳು.

ಗೌರಿ ಹುಣ್ಣಿಮೆ ಬಂತು. ಅಂದು ಸೋಮವಾರ. ಹುಡುಗಿಯರು ಸಕ್ಕರೆ ಆರತಿ ಹಿಡಿದು ಓಣಿಯಲ್ಲಿ ಹಾಡುತ್ತಾ ಹೋಗುತ್ತಿದ್ದರು. ತಮ್ಮನ ಮಗ ಹೇಳಿದ ಮಾತಿನಂತೆ ಬಂದ. ಮಗ್ಗದ ಮೇಲೆ ಕಣ್ಣಾಡಿಸಿದ. ಅಂದು ಬೆಳಿಗ್ಗೆ ನೇಯ್ದದ್ದು ನಾಲ್ಕು ಬೆರಳೂ ಇರಲಿಲ್ಲ. ಉತ್ತರ ಇಷ್ಟರಲ್ಲೇ ಇದೆ ಎಂದುಕೊಂಡ ಅವನು ಹಿರಿಯರ ಮುಖ ನೋಡಲು ಸಂಕೋಚಪಟ್ಟ.

ನೇಕಾರ ಮಗ್ಗದ ಕಡೆ ನೋಡಲೇ ಇಲ್ಲ. ಗೋಡೆಯ ಕಡೆ ನೋಡಿದ. "ಮಗ್ಗ ಕೊಡುವುದಿಲ್ಲಪ್ಪ. ನನ್ನ ಕೈ ಬರುತ್ತಿದೆ" ಎಂದ. ದನಿಯಲ್ಲಿ ಜಂಬವಿರಲಿಲ್ಲ. "ಆದರೆ ನಿನ್ನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಹಿತ್ತಲಲ್ಲಿ ಒಳ್ಳೆಯ ಮರವಿದೆ, ಬಡಗಿ ನನ್ನ ಗೆಳೆಯ. ನಿನಗೊಂದು ಮಗ್ಗ ಕೂಡಿಸೋಣ. ಎಡಗೈಗೇನು ಧಾಡಿ, ನಾನೂ ಮರ ಹಿಡಿಯುತ್ತೇನೆ."

ಆಮೇಲೆ ಹೆಂಡತಿಯ ಕಡೆ ತಿರುಗಿದ. "ಇನ್ನೊಂದು ಮಾತು. ಸೀಮಂತದ ಸೀರೆ ನನ್ನಿಂದ ಆಗದು. ಬೊಟ್ಟು ನಡೆಯುವ ನಡಿಗೆ ನೋಡಿದರೆ, ರೇಷ್ಮೆಗೆ ಬೇಕಾದ ಕೈ ಅಷ್ಟರೊಳಗೆ ಬರುವುದಿಲ್ಲ. ಮಗುವಿನ ತೊಟ್ಟಿಲಿಗೆ ಹಾಸುವ ಬಟ್ಟೆ ಆಗುತ್ತದೆ. ಅದನ್ನು ನೇಯುತ್ತೇನೆ."

ಹೆಂಡತಿಗೆ ಕಣ್ಣು ತುಂಬಿ ಬಂತು. ಎಷ್ಟೋ ದಿನಗಳ ಮೇಲೆ ಗಂಡ ಆಡಿದ ಒಂದು ಮಾತು ನಾಳೆಯೂ ನಿಲ್ಲುತ್ತದೆಂದು ಆಕೆಗೆ ಅನ್ನಿಸಿತು.

ಹಾಗೇ ನಡೆಯಿತು. ಹುಡುಗನ ಮನೆಯಲ್ಲಿ ಹೊಸ ಮಗ್ಗ ಕೂತಿತು. ಸೀಮಂತದ ಸೀರೆಯನ್ನು ಅವನೇ ನೇಯ್ದ. ಅಂಚಿನ ಕೆಲಸ ಬಂದಾಗ ನೇಕಾರ ಪಕ್ಕದಲ್ಲಿ ಕುಳಿತು ಎಳೆ ಎಳೆಯನ್ನೂ ಹೇಳಿಕೊಟ್ಟ. ಓಣಿಯ ಹೆಂಗಸರು ಅಂಚು ನೋಡಿ, "ಇದು ದೊಡ್ಡಪ್ಪನದೋ, ಮಗನದೋ?" ಎಂದು ವಾದಕ್ಕಿಳಿದರು. ಮಗಳಿಗೆ ಹೆಣ್ಣುಮಗು ಹುಟ್ಟಿತು. ಹೆಸರಿಡುವ ದಿನ ತೊಟ್ಟಿಲಲ್ಲಿ ಹಾಸಿದ ಮೆತ್ತನೆಯ ಬಟ್ಟೆ ನೇಕಾರನದು, ಮೊದಲ ಎಳೆಯಿಂದ ಕಡೆಯ ಎಳೆಯವರೆಗೆ. ಹೆಂಗಸರು ಜೋಗುಳ ಶುರುಮಾಡಿದರು. ಹಾಡು ಮುಗಿಯುವ ಮುಂಚೆಯೇ ಮಗು ಅದನ್ನು ಒದ್ದೆ ಮಾಡಿತು. ಮನೆಯೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಕ್ಕವನು ನೇಕಾರ. "ಒಗೆಯಲು ಹಾಕಿ. ಇನ್ನೊಂದು ನೇಯುತ್ತೇನೆ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಆದರೂ ಅವನಿಗೆ ಸಂದೇಹ ಉಳಿದಿತ್ತು.

"ಗುರುಗಳೇ, ನೇಕಾರನಿಗೆ ಅಳೆಯಲು ಬಟ್ಟೆ ಇತ್ತು. ಮನಸ್ಸನ್ನು ನಾನು ಯಾವುದರಿಂದ ಅಳೆಯಲಿ?"

ಗುರುಗಳು ನಕ್ಕು ಹೇಳಿದರು: "ಹೋದ ವರ್ಷ ನೀನು ಈ ಪ್ರಶ್ನೆಯನ್ನು ದಿನಾ ಬಂದು ಕೇಳುತ್ತಿದ್ದೆ. ಇವತ್ತಿಗಿಂತ ಮುಂಚೆ ಕಡೆಯ ಸಲ ಕೇಳಿದ್ದು ಯಾವಾಗ, ಹೇಳು ನೋಡೋಣ."

ಶಿಷ್ಯ ಬೆರಳು ಮಡಿಸಿ ದಿನ ಎಣಿಸತೊಡಗಿದ; ಎರಡೂ ಕೈಯ ಬೆರಳು ಮುಗಿದರೂ ಆ ದಿನ ಸಿಗಲಿಲ್ಲ.